ಮರುಪರೀಕ್ಷೆ

ಮೂರು ಸಲವೂ ಒಂಬೈನೂರ ಎಂಬತ್ತು.
ಸಫೂರಾಳ ದಪ್ಪ ನೋಟುಬುಕ್ಕಿನಲ್ಲಿ, ನೀಲಿ ಶಾಯಿಯಲ್ಲಿ,
ಒಂದರ ಕೆಳಗೊಂದು
ಇಸ್ತ್ರಿ ಮಾಡಿಟ್ಟ ಹಾಗೆ.

ನೀರು ಹೀಗೆ ಮಾತಾಡುವುದಿಲ್ಲ.
ಇಪ್ಪತ್ತಾರು ವರ್ಷದಿಂದ ಕೇಳುತ್ತಿದ್ದೇನೆ.
ಒಂದೇ ಬಾಟಲಿಯದಾದರೂ
ಒಮ್ಮೆ ಒಂದು ಹನಿ ಹೆಚ್ಚು, ಒಮ್ಮೆ ಕಮ್ಮಿ,
ಸ್ವಲ್ಪ ತೊದಲುತ್ತದೆ, ನಿಜ ಹೇಳುವವರ ಹಾಗೆ.
ತೊದಲದೆ ಒಪ್ಪಿಸುವುದು ಬಾಯಿಪಾಠ.

ಬೈಯಲಿಲ್ಲ. ಹೇಳಿದ್ದು ಇಷ್ಟು:
"ಬ್ಯೂರೆಟ್ ತೊಳಿ. ನಾನೂ ನಿಲ್ತೇನೆ."

ಸ್ಯಾಂಪಲ್ ನಂಬ್ರ ನಾನೂರ ಹನ್ನೆರಡು. ಬೆಂಗ್ರೆ, ಅಂಗನವಾಡಿ ಬಾವಿ.
ತಂದವರು ವಾರಿಜಕ್ಕ, ಮಕ್ಕಳಿಗೆ ಗಂಜಿ ಬೇಯಿಸುವವರು.
ನಾವು ಕೊಟ್ಟ ಬಾಟಲಿ ಕಳೆದುಹೋಗಿ
ಇನ್ನೊಂದಕ್ಕೆಂದು ಮತ್ತೆ ದೋಣಿ ಹತ್ತಿ ಬಂದವರು.
ದಕ್ಕೆಯ ಮೀನಿನ ವಾಸನೆ ಸೆರಗಲ್ಲಿಟ್ಟುಕೊಂಡು
ಕೌಂಟರಿನಲ್ಲಿ ನಗುತ್ತ ಅಂದಿದ್ದರು:
"ಉಪ್ಪು ಉಂಟಂತೆ. ನಮಗಂತೂ ಗೊತ್ತಾಗುವುದಿಲ್ಲ ಮಾರಾಯ್ರೆ.
ಪೇಟೆಯ ನೀರೇ ಎಂತದೋ ಸಪ್ಪೆ ಸಪ್ಪೆ."

ನಾಲಿಗೆ ರಾಜಿಯಾಗುತ್ತದೆ.
ಬೆಳ್ಳಿಗೆ ಆ ಅಭ್ಯಾಸವಿಲ್ಲ.

ಹತ್ತು ಮಿಲಿ ನೀರು. ಕ್ರೋಮೇಟಿನ ಹಳದಿ.
ಮೇಲಿನಿಂದ ಸಿಲ್ವರ್ ನೈಟ್ರೇಟ್, ಹನಿ, ಹನಿ.
ಉಪ್ಪಿರುವಷ್ಟು ಹೊತ್ತು ಬೆಳ್ಳಿ ಉಪ್ಪಿನ ಜೊತೆಗೇ ಹೋಗಿ
ಒಡೆದ ಹಾಲಿನಂತೆ ಬಿಳಿಯಾಗಿ ಕೂರುತ್ತದೆ.
ಉಪ್ಪು ಮುಗಿದ ಗಳಿಗೆ ಕೆಂಪು.
ಎಷ್ಟು ಕೆಂಪು ಎಂದು ಪುಸ್ತಕದಲ್ಲಿಲ್ಲ.
ನನಗೆ ಕಲಿಸಿದ ಶೀನ ಬಂಗೇರರು, ಹಂಚಿನ ಕಾರ್ಖಾನೆಯ ಮೇಸ್ತ್ರಿಯ ಮಗ,
ಹೇಳುತ್ತಿದ್ದರು: "ಹಂಚಿನಷ್ಟು ಬೇಡ.
ಹಂಚು ಹೊತ್ತ ಹೆಂಗಸು ಕೈ ತೊಳೆದ ನೀರಿನಷ್ಟು.
ಅಲ್ಲಿಗೆ ನಿಲ್ಲಿಸು."

ಈಗ ನನ್ನ ಕಣ್ಣಿಗೆ ಪೊರೆ ಬರುತ್ತಿದೆ.
ಕಚೇರಿಯಲ್ಲಿ ಯಾರಿಗೂ ಹೇಳಿಲ್ಲ.
ಬಿಳಿಯೂ ಹಳದಿ, ಹಳದಿ ಇನ್ನಷ್ಟು ಹಳದಿ,
ಕೆಂಪು ಮಾತ್ರ ಕೊನೇ ಬಸ್ಸಿನ ಹಾಗೆ ತಡ.

ಹತ್ತರ ಗೆರೆಯ ಬಳಿ ಅವಳ ಬೆರಳು ನಿಂತಿತು.
ನನ್ನನ್ನು ನೋಡಲಿಲ್ಲ, ಫ್ಲಾಸ್ಕನ್ನೂ ನೋಡಲಿಲ್ಲ.
"ಅಲ್ಲಿ ಬೇರೆ ಬಾವಿ ಇಲ್ಲ ಮೇಡಂ.
ನನ್ನ ಅಕ್ಕನ ಮಗು ಅಲ್ಲಿಗೇ ಹೋಗುವುದು.
ಸಾವಿರ ದಾಟಿದರೆ ಫೇಲ್, ಬಾವಿಗೆ ಬೀಗ,
ಟ್ಯಾಂಕರ್ ಬರುತ್ತದಾ? ವಾರಿಜಕ್ಕ ಕೊಡ ಹೊತ್ತು
ದೋಣಿಯಲ್ಲಿ ನಿಲ್ಲಬೇಕು.
ಇಪ್ಪತ್ತು ಕಡಿಮೆ ಬರೆದರೆ ಯಾರಿಗೆ ನಷ್ಟ?"

ಪ್ರಶ್ನೆ ಸರಿಯಾಗಿಯೇ ಇತ್ತು.
ನಿಯಮದ ಪುಸ್ತಕ ಕಪಾಟಿನಲ್ಲಿತ್ತು, ತೆಗೆಯಲಿಲ್ಲ.
ಅವಳ ಬೆರಳ ಮೇಲೆ ನೈಟ್ರೇಟಿನ ಕಪ್ಪು ಕಲೆ,
ನನ್ನ ಬೆರಳ ಮೇಲೂ,
ಸಾಬೂನಿಗೆ ಬಗ್ಗದ್ದು, ಚರ್ಮ ಬದಲಾದರೆ ಮಾತ್ರ ಹೋಗುವಂಥದ್ದು.
"ಕೆಂಪು ಬಂತಾ?" ಕೇಳಿದೆ.
"ನನಗೆ ಸರಿ ಕಾಣುವುದಿಲ್ಲ. ನೀನೇ ಹೇಳಬೇಕು."

ತುಂಬ ಹೊತ್ತು ಫ್ಯಾನಿನ ಸದ್ದು.
"ಇಲ್ಲ," ಅಂದಳು.
ಹನಿ.
"ಇಲ್ಲ."
ಹನಿ.
ಹನಿ.
"ಈಗ."

ಹತ್ತು ಪಾಯಿಂಟ್ ಏಳು. ಇನ್ನೊಂದಕ್ಕೆ ಹತ್ತು ಪಾಯಿಂಟ್ ಆರು.
ತೊದಲಿತು.
ಬ್ಲಾಂಕ್ ಕಳೆದು ಸಾವಿರದ ಐವತ್ತು, ಸಾವಿರದ ನಲವತ್ತು.
ಹಳೆಯ ಮೂರು ಅಂಕಿಗಳ ಮೇಲೆ ಒಂದೇ ಗೆರೆ ಎಳೆಸಿದೆ.
ಅಳಿಸಬಾರದು, ಓದಲಿಕ್ಕೆ ಆಗಬೇಕು.
ಪಕ್ಕದಲ್ಲಿ ಅವಳ ಸಹಿ, ಕೆಳಗೆ ಐ. ಲೋಬೊ.

ವರದಿಯ ಜೊತೆ ಪಾಲಿಕೆಗೊಂದು ಕಾಗದ ಬರೆದೆ,
ಟ್ಯಾಂಕರ್ ಎಂಬಲ್ಲಿ ಎರಡು ಅಡಿಗೆರೆ.
ಹೋದ ವರ್ಷವೂ ಬರೆದಿದ್ದೆ, ಬೇರೊಂದು ಬಾವಿಗೆ.
ಅದು ಯಾವ ಮೇಜಿನಲ್ಲಿದೆಯೋ.

ಸಂಜೆ ಸಫೂರಾ ಫ್ಲಾಸ್ಕಿನ ಗಸಿಯನ್ನು
ಮೂಲೆಯ ಗಾಜಿನ ಭರಣಿಗೆ ಸುರಿದಳು.
ಚರಂಡಿಗೆ ಬಿಡುವುದಿಲ್ಲ, ಬೆಳ್ಳಿ ಅದು.
ಉಳ್ಳಾಲ, ಬೆಂಗ್ರೆ, ಹೆಸರಲ್ಲೇ ಬಾವಿಯಿಟ್ಟುಕೊಂಡ ತಣ್ಣೀರುಬಾವಿ,
ಈ ಬೇಸಿಗೆಯ ಉಪ್ಪೆಲ್ಲ ಅಲ್ಲಿ ಪದರ ಪದರ.
ಪಡುವಣ ಕಿಟಕಿಯ ಬಿಸಿಲು ತಾಗಿದರೆ
ಮೇಲಿನದು ಮೆಲ್ಲಗೆ ನೇರಳೆಗೆ ತಿರುಗುತ್ತದೆ.
ಅಷ್ಟು ನನಗೆ ಈಗಲೂ ಕಾಣುತ್ತದೆ.