ಒಂದು ಕುದಿ ಕಡಿಮೆ

ಮೂವತ್ತನಾಲ್ಕು ವರ್ಷ ಬಳೇಪೇಟೆಯ ಮಹಡಿಯಲ್ಲಿ
ಊರವರ ಕಣ್ಣಿಗೆ ಗಾಜು ಉಜ್ಜಿದವನು ನಾನು,
ಲ್ಯಾವೆಲ್ಲೆ ರಸ್ತೆಯ ಆ ಇಟಾಲಿಯನ್ ಹೋಟೆಲಿನಲ್ಲಿ
ಮೆನು ಓದಲಾರದೆ ಕೂತೆ.
ಅಷ್ಟು ಸಣ್ಣ ಅಕ್ಷರ, ಅಷ್ಟೇ ಅಷ್ಟು ಬೆಳಕು.
ಕರೆಂಟು ಹೋಗಿಲ್ಲ ತಾನೆ ಅಂದಳು ಇಂದ್ರಾಕ್ಷಿ,
ಮೆಲ್ಲಗೆ, ಪಕ್ಕದ ಮೇಜಿಗೆ ಕೇಳದ ಹಾಗೆ.

ಮದುವೆಯಾಗಿ ಅಂದಿಗೆ ಮೂವತ್ತು.
ಎಂಟು ದಿನ ಮೊದಲೇ ಫೋನು ಮಾಡಿ
ವಿಶೇಷ ದಿನ, ಕಿಟಕಿಯ ಪಕ್ಕ, ಎಂದು ಎರಡೆರಡು ಸಲ ಹೇಳಿ
ಕೊನೆಗೆ ಸಿಕ್ಕಿದ್ದು ಕೈತೊಳೆಯುವ ಕೋಣೆಯ ಎದುರು.
ಬಾಗಿಲು ತೆರೆದಾಗಲೆಲ್ಲ ಒಂದು ಪಟ್ಟಿ ಬೆಳಕು
ಅವಳ ಸೀರೆಯ ಮೇಲೆ ಬಿದ್ದು ಎದ್ದು ಹೋಗುತ್ತಿತ್ತು.
ಆ ಬೆಳಕಿನಲ್ಲೇ ಬೆಲೆ ಓದಿದೆ.

ಮೊದಲು ಬ್ರೆಡ್ಡು, ಜೊತೆಗೆ ತಟ್ಟೆಯಲ್ಲಿ ಹಸಿರೆಣ್ಣೆ.
ಅದ್ದಿಕೊಂಡು ತಿನ್ನಬೇಕಂತೆ.
“ಬತ್ತಿ ಮರೆತಿದ್ದಾರೆ” ಅಂದಳು.
ನಕ್ಕೆವು. ಆಮೇಲೆ ನಲವತ್ತು ನಿಮಿಷ
ನಗುವುದಕ್ಕೂ ಏನೂ ಬರಲಿಲ್ಲ.
ನಮ್ಮ ನಂತರ ಬಂದವರು ನಮಗಿಂತ ಮೊದಲು ತಿಂದು
ಫೋಟೋ ಹಿಡಿಸಿಕೊಂಡು ಎದ್ದರು.
ಕರಿ ಅಂಗಿಯ ಹುಡುಗ ನೋಡುತ್ತಿದ್ದ,
ನಮ್ಮನ್ನಲ್ಲ, ನಮ್ಮೊಳಗಿಂದ ಹಿಂದಿನ ಗೋಡೆಯನ್ನು.
ನಾನು ಉಜ್ಜಿದ ಯಾವ ಗಾಜೂ ಅಷ್ಟು ತಿಳಿಯಿರಲಿಲ್ಲ.

ಕೊನೆಗೆ ರಿಸೊಟ್ಟೊ.
ಅಗಲ ತಟ್ಟೆ, ನಡುವೆ ಒಂದು ಹಿಡಿ ಅನ್ನ,
ಎರಡು ಚೂರು ಅಣಬೆ, ಯಾವುದೋ ಸೊಪ್ಪಿನ ಒಂದೇ ಎಲೆ.
ಬಾಯಿಗಿಟ್ಟೆ. ತೆಗೆದು ಬೆರಳಲ್ಲಿ ಹಿಸುಕಿದೆ.
ನಟ್ಟನಡುವೆ ಕಲ್ಲಿನಂಥ ಬಿಳಿ ಚುಕ್ಕೆ.
ಒಂದು ಕುದಿ ಕಡಿಮೆ.

“ಅನ್ನ ಬೆಂದಿಲ್ಲವಲ್ಲಪ್ಪ.”
“ಅದು ಹಾಗೇ ಸರ್. ಹಲ್ಲಿಗೆ ಸಿಗಬೇಕು.
ಶೆಫ್ ಬೇಕಂತಲೇ ಹಾಗೆ ಮಾಡೋದು, ಅದಕ್ಕೊಂದು ಹೆಸರಿದೆ.”
ಹೆಸರೂ ಹೇಳಿದ.

ಇಂದ್ರಾಕ್ಷಿಯ ಚಮಚ ನಿಂತಿತು.

ಎಲ್ಲಿ ನಿಂತಿತೆಂದು ನನಗೂ ಗೊತ್ತು.
ಕಬ್ಬನ್‌ಪೇಟೆಯ ನಡುಮನೆ, ಮದುವೆಯಾದ ಆರನೆಯ ದಿನ,
ಪಂಪ್ ಸ್ಟವ್ವು, ಯಾರದೋ ಮನೆಯಿಂದ ತಂದ ಹಂಡೆ, ಹದಿನೇಳು ಜನ,
ಅಷ್ಟು ಅಕ್ಕಿಗೆ ಎಷ್ಟು ನೀರೆಂದು ತಿಳಿಯದ
ಹತ್ತೊಂಬತ್ತರ ಹುಡುಗಿ.
ಅಮ್ಮ ಒಂದು ಅಗುಳೆತ್ತಿ ಬೆಳಕಿಗೆ ಹಿಡಿದು
“ಇದನ್ನ ಕೋಳಿಗೆ ಹಾಕು” ಎಂದು
ತಟ್ಟೆಯನ್ನು ಅಂಗಳಕ್ಕೆ ಜಾರಿಸಿದಳು.
ಪಕ್ಕದ ಮನೆಯ ಮಗ್ಗ ಕೂಡ ಒಂದು ಕ್ಷಣ ನಿಂತಿತ್ತು.
ಬದಿಯ ಮಣೆಯಲ್ಲಿ ನಾನಿದ್ದೆ.
ಹರಿಯುವ ಸಾರಿಗೆ ಅನ್ನದ ಕಟ್ಟೆ ಕಟ್ಟುತ್ತಿದ್ದೆ.

ಈಗ ದನಿಯೇರಿಸಿದೆ. ಮ್ಯಾನೇಜರನ್ನು ಕರೆ ಅಂದೆ,
ಸಾವಿರದಿನ್ನೂರು ಕೊಟ್ಟು ಹಸಿ ಅಕ್ಕಿ ತಿನ್ನಬೇಕೇನು ಅಂದೆ.
ಮೇಜುಗಳು ತಿರುಗಿದವು.
ಅವಳು ನನ್ನ ಮಣಿಕಟ್ಟು ಹಿಡಿದಳು.
“ಕೂತ್ಕೊಳ್ಳಿ. ಅವತ್ತು ಸುಮ್ಮನಿದ್ರಿ.
ಇವತ್ತೂ ಸುಮ್ಮನಿರಿ.”

ಆಮೇಲೆ ತಿಂದಳು.
ಚಮಚ ಬದಿಗಿಟ್ಟು, ಬಳೆ ಮೇಲೇರಿಸಿ, ಬೆರಳಲ್ಲಿ,
ಒಂದೊಂದು ಅಗುಳನ್ನೂ ಕಡಿದು. ನನ್ನ ತಟ್ಟೆಯದನ್ನೂ.
ಹುಡುಗನನ್ನು ಕರೆದು ಆ ಹೆಸರನ್ನು ಇನ್ನೊಮ್ಮೆ ಹೇಳಿಸಿದಳು,
ತಾನೂ ಹೇಳಿದಳು, ತಪ್ಪಾಯಿತು, ಮತ್ತೆ ಹೇಳಿದಳು.

ಪುಕ್ಕಟೆ ಕೇಕು ಬಂತು, ಚಾಕಲೇಟಿನಲ್ಲಿ ಬರೆದ ಶುಭಾಶಯ,
ಯಾರೋ ಮೀನಾಕ್ಷಿಗೆ.
ಅದನ್ನೂ ತಿಂದೆವು.

ಆಟೋದವನು ಡಬಲ್ ಕೇಳಿದ, ಒಪ್ಪಿಕೊಂಡೆ.
ಕಾರ್ಪೊರೇಷನ್ ಸಿಗ್ನಲ್ಲಿನ ಕೆಂಪಿನಲ್ಲಿ
ರಸ್ತೆಯನ್ನೇ ನೋಡುತ್ತ ಅಂದಳು:
“ಅವತ್ತು ನಂದು ನಿಜವಾಗ್ಲೂ ಬೆಂದಿರಲಿಲ್ಲ.
ಅತ್ತೆ ಹೇಳಿದ್ದು ಸುಳ್ಳಲ್ಲ.”
ಸ್ವಲ್ಪ ಹೊತ್ತಾದ ಮೇಲೆ,
“ಸಾರು ಚೆನ್ನಾಗಿತ್ತು ಅಲ್ವಾ?”

ಹಸಿರು ಬಿತ್ತು. ಹಿಂದಿದ್ದವರೆಲ್ಲ ಒಟ್ಟಿಗೇ ಹಾರ್ನ್ ಹೊಡೆದರು.
ಚೆನ್ನಾಗಿತ್ತು ಅಂದೆ.
ಆ ಗದ್ದಲದಲ್ಲಿ ಕೇಳಿಸಿತೋ ಇಲ್ಲವೋ.
ಇನ್ನೊಮ್ಮೆ ಹೇಳಬೇಕು,
ಮನೆ ಬರುವುದರೊಳಗೆ.