ಭಾನುವಾರದ ರೇಟು

ಮತ್ತೀಕೆರೆ. ಭಾನುವಾರ, ಮಧ್ಯಾಹ್ನ ಮೂರು.
ಮಿಷನ್ನಿಗೆ ಹಳೇ ಬೆಡ್‌ಶೀಟು ಹೊದಿಸಿ ಆಗಿದೆ.
ಬಾಗಿಲಲ್ಲಿ ವಸುಂಧರಾ ಮೇಡಂ, ತೋಳಲ್ಲಿ ರೇಷ್ಮೆ ಸೀರೆ:
"ಸಂಜೆ ಆರತಕ್ಷತೆ ಕಣಮ್ಮ. ಬರೀ ಫಾಲ್ಸು.
ಎಷ್ಟಾದ್ರೂ ಕೊಡ್ತೀನಿ."

ಎಷ್ಟಾದ್ರೂ ಅಂದರೆ ಎಷ್ಟು?
ವಾರದ ದಿನ ನೂರು. ಇವತ್ತು ಇನ್ನೂರು ಅನ್ನಲೇ?
ಒಳಗೆ, ಕೆಂಪು ನೆಲದ ಮೇಲೆ,
ಸೀಮೆಸುಣ್ಣದ ಚೌಕಾಬಾರ.
ನನ್ನ ಕೊನೇ ಕಾಯಿ ಹಣ್ಣಾಗೋಕೆ ಒಂದೇ ಮನೆ ಬಾಕಿ.
ಕವಡೆ ಅತ್ತೆಯ ಮುಷ್ಟಿಯಲ್ಲಿ.
ಮೋಸ ಮಾಡ್ತಾರೆ ಅವರು,
ಎಪ್ಪತ್ತೆಂಟರಲ್ಲೂ.

"ಐನೂರು" ಅಂದೆ, ಹಾಗಾದರೂ ಹೋಗಲಿ ಅಂತ.
ಮೇಡಂ ಸುಮ್ಮನೆ ಪರ್ಸು ತೆಗೆದರು.

ಸೂಜಿಗೆ ದಾರ ಪೋಣಿಸುತ್ತಾ ಮತ್ತೆ ಲೆಕ್ಕ ಹಾಕಿದೆ:
ಕಡಿಮೆ ಹೇಳಿಬಿಟ್ಟೆ.
ಒಳಗೆ ಕವಡೆ ಉರುಳಿದ ಸದ್ದು.
"ಬಾರ!" ಅಂದರು ಅತ್ತೆ.
ಎಂಟೋ ಎರಡೋ,
ದೇವರೇ ಬಲ್ಲ.