ಬಿಟ್ಟಿ ಅಕ್ಷರ

ಫುಜೈರಾದ ಹಳೇ ಮೀನುಪೇಟೆಯ ಹಿಂದೆ
ನಮ್ಮ ಟೈಪಿಂಗ್ ಸೆಂಟರ್:
ಎರಡು ಕಂಪ್ಯೂಟರ್, ಒಂದು ಪ್ರಿಂಟರ್,
ಎಸಿಯ ಬಾಯಡಿಗೆ ಒಂದು ಬಕೆಟ್ಟು.
ದಿನವಿಡೀ ಬಡಿಯುವುದು ಇಂಗ್ಲಿಷು, ಅರಬ್ಬಿ;
ಎಡದಿಂದೊಮ್ಮೆ, ಬಲದಿಂದೊಮ್ಮೆ
ಯಾರದೋ ಹೆಸರು, ಹುಟ್ಟಿದ ತಾರೀಕು, ಗಡುವು.

ಮಗ್ರಿಬ್ ಬಾಂಗಿನ ಹೊತ್ತಿಗೆ ಬಂದ ಹಮ್ಮಬ್ಬ,
ಐಸ್ ಪ್ಲಾಂಟಿನವ, ಬೆರಳ ತುದಿಯಲ್ಲಿ ಬಿಳಿ ಬಿರುಕು.
"ಮಗಳಿಗೊಂದು ಕಾಗದ ಮಾಡಿಕೊಡಿ, ಕನ್ನಡದಲ್ಲಿ.
ಫೋನಿನಲ್ಲಿ ಹೇಳಿದ್ದು ಉಳಿಯುವುದಿಲ್ಲವಂತೆ,
ಅಚ್ಚು ಹಾಕಿದ್ದೇ ಬೇಕಂತೆ, ಗೋಡೆಗೆ ಅಂಟಿಸಲಿಕ್ಕೆ."

ಹನ್ನೊಂದು ವರ್ಷದಲ್ಲಿ ಈ ಯಂತ್ರವನ್ನು
ಯಾರೂ ಕನ್ನಡ ಕೇಳಿರಲಿಲ್ಲ.
ಹುಡುಕಿದೆ. ಸಿಕ್ಕಿತು. ಹಸಿರು ಗುಂಡಿ: ಉಚಿತ.
ಬಿಟ್ಟಿ ಅಂದರೆ ನನಗೊಂದು, ನಮ್ಮಪ್ಪನಿಗೊಂದು.
ಆಂಟಿವೈರಸ್ಸು ಅಡ್ಡ ನಿಂತು ಗೊಣಗಿತು,
ಬೆಕ್ಕು ಹೋದರೂ ಗೊಣಗುವ ಮುದಿ ವಾಚ್‌ಮನ್ ಅದು;
ಅರ್ಧ ಗಂಟೆ ಮಲಗು ಹೋಗು ಎಂದೆ.
ಹೌದು ಒತ್ತಿದೆ. ಹೌದು. ಇನ್ನೊಮ್ಮೆ ಹೌದು.
ಪರವೂರಲ್ಲಿ ಕದ ತಟ್ಟಿ ಊರ ಮಾತಾಡಿದವರ
ಗುರುತಿನ ಚೀಟಿ ಕೇಳುವುದುಂಟೆ?

ಬಂತು ನೋಡಿ ಅಕ್ಷರ,
ದುಂಡಗೆ, ಎಣ್ಣೆ ಹಚ್ಚಿ ಮೀಯಿಸಿದ ಹಾಗೆ.
ಅವ ಹೇಳುತ್ತ ಹೋದ, ನಾನು ಹೊಡೆಯುತ್ತ ಹೋದೆ:
ಝುಲೇಖಾ, ಬಾವಿಕಟ್ಟೆ ಹತ್ತಬೇಡ.
ಗಣಿತದ ಟೀಚರಿಗೆ ಎದುರು ಮಾತು ಬೇಡ.
ಇಲ್ಲಿ ಒಂದು ಐಸು ನಮ್ಮ ಬಾಗಿಲಿನಷ್ಟು ಉದ್ದ.
ಬಿದ್ದ ಹಲ್ಲು ಯಾವ ಕಡೆಯದು, ಬರೆ.

ಪ್ರಿಂಟರ್ ನರಳುತ್ತ ಹಾಳೆ ಎಳೆದುಕೊಂಡಿತು. ಅಷ್ಟರಲ್ಲೇ
ಪರದೆಯ ಮೇಲೆ ಒಂದೊಂದೇ ಫೈಲು
ಹೆಸರು ಕಳಚಿ ಹಾಕತೊಡಗಿತು.
ಅಕ್ಷರದ ಕಾಲಡಿ, ಒತ್ತಿನ ಜಾಗದಲ್ಲಿ
ಅಂಟಿಕೊಂಡೇ ಒಳಗೆ ಬಂದಿತ್ತು ಅದು.
ವೀಸಾ ಅರ್ಜಿ, ಪಾಸ್‌ಪೋರ್ಟು, ಕಿವಿ ಕಾಣುವ ಫೋಟೋ,
ಇನ್ನೂರ ನಲವತ್ತು ಮಂದಿಗೆ ಬೀಗ.
ಕೆಂಪು ಪೆಟ್ಟಿಗೆಯೊಳಗೆ ಹಿಂದಕ್ಕೆ ಓಡುವ ಗಡಿಯಾರ;
ಎಪ್ಪತ್ತೆರಡು ಗಂಟೆಯೊಳಗೆ
ಯಾರ ಜೇಬಲ್ಲೂ ಕುಲುಕದ ನಾಣ್ಯ ಕೊಡಬೇಕಂತೆ.

ಮರುದಿನ ಮೆಟ್ಟಿಲ ತನಕ ಸಾಲು.
ನಾಳೆಗೆ ವೀಸಾ ಮುಗಿಯುವ ಸಿಲ್ಹೆಟಿನ ಬಡಗಿ,
ಬಾಣಂತನಕ್ಕೆ ತಾಯಿಯನ್ನು ಕರೆಸುವ ಕೊಲ್ಲಂನ ನರ್ಸು.
ಅರ್ಬಾಬ್ ಕೇಳಿದರು: "ಯಾರು ಒತ್ತಿದ್ದು?"
ಬಕೆಟ್ಟಿಗೆ ಹನಿ ಬಿತ್ತು. ಇನ್ನೊಂದು ಬಿತ್ತು.
"ಕರೆಂಟು ಹೋಗಿ ಬಂತು," ಎಂದೆ.
ಈ ಪೇಟೆಯಲ್ಲಿ ಕರೆಂಟು ಹೋಗುವುದಿಲ್ಲ.
ಅವರಿಗೂ ಗೊತ್ತಿತ್ತು.

ಎರಡು ತಿಂಗಳ ಸಂಬಳ ಹೋಯಿತು.
ಬಡಗಿಯ ದಂಡದಲ್ಲಿ ಅರ್ಧ ನನ್ನದು;
ಅವನು ಥ್ಯಾಂಕ್ಸ್ ಹೇಳಿದ, ಅದು ಇನ್ನೂ ಚುಚ್ಚುತ್ತದೆ.

ಆ ಯಂತ್ರದಿಂದ ಪಾರಾಗಿ ಹೊರಬಂದದ್ದು ಒಂದೇ ಹಾಳೆ.
ಹಮ್ಮಬ್ಬ ಬೆಳಕಿಗೆ ಹಿಡಿದು ಓದಿದ,
ಮೂರನೇ ಕ್ಲಾಸಿನ ನಿಧಾನದಲ್ಲಿ.
ಒಂದು ಒತ್ತೂ ಅಚ್ಚಾಗಿರಲಿಲ್ಲ.
ಹಲ್ಲು ಬರೀ ಹಲು.
ಕೊನೆಯ ಸಾಲಲ್ಲಿ ಅವನ ಹೆಸರು: ಹಮಬ.
"ಕೆಳಗೆ ಏನೋ ಉದುರಿದೆಯಲ್ಲ?"
ನನ್ನ ಪೆನ್ನು ಕೇಳಿ ತೆಗೆದುಕೊಂಡ,
ಮೇಜಿಗೆ ಬಾಗಿ, ನಾಲಿಗೆ ಕಚ್ಚಿ,
ಮೊದಲು ಮಗಳ ಹಲ್ಲಿಗೆ,
ಆಮೇಲೆ ತನ್ನ ಹೆಸರಿಗೆ,
ಒಂದೊಂದಾಗಿ ಒತ್ತು ಕೊಟ್ಟ.